ಹಳೇ ಪಿಸಿ, ಸಾಂಬಾ, ಮತ್ತೆ ಒಂದು ಸೆಟ್ಟಿಂಗ್ ಲೈನ್: ಸ್ಟುಡಿಯೋ ಫೈಲ್ ಸರ್ವರ್ ರಿವ್ಯೂ

ಮೊದ್ಲೇ ಹೇಳ್ಬಿಡ್ತೀನಿ, ನಾನು ಕಂಪ್ಯೂಟರ್ ಓದಿದೋನಲ್ಲ, ವಿರಾಜಪೇಟೆಲಿ ಮದ್ವೆ ಫೋಟೋ ವಿಡಿಯೋ ಮಾಡ್ಕೊಂಡಿರೋನು. ಏಪ್ರಿಲ್ ಮೇ ಬಂತು ಅಂದ್ರೆ ಮುಗೀತು, ಕೊಡವ ಮದ್ವೆಲಿ ಗಂಗಾಪೂಜೆ ಒಂದೇ ಸಾಕು, ಹುಡುಗಿ ತಲೆ ಮೇಲೆ ಕೊಡ ಇಟ್ಕೊಂಡು ನಿಂತಿರ್ತಾಳೆ, ಎದುರಿಗೆ ಗಂಡಿನ ಕಡೆಯೋರು ವಾಲಗಕ್ಕೆ ಕುಣೀತಾನೇ ಇರ್ತಾರೆ, ಗಂಟೆಗಟ್ಲೆ ಆದ್ರೂ ನಾವು ಕ್ಯಾಮೆರಾ ಆಫ್ ಮಾಡೋ ಹಂಗಿಲ್ಲ. ರಾತ್ರಿ ಬಂದು ಮೂರು ಪಿಸಿಯಿಂದ ಒಟ್ಟಿಗೇ ಕಾರ್ಡ್ ಖಾಲಿ ಮಾಡ್ಬೇಕು, ಬೆಳಿಗ್ಗೆ ಗೋಣಿಕೊಪ್ಪದಲ್ಲಿ ಇನ್ನೊಂದು ಮದ್ವೆ ಇರುತ್ತೆ.

ಮೊದ್ಲು ರೆಡಿಮೇಡ್ ಸ್ಟೋರೇಜ್ ಡಬ್ಬ ಒಂದು ತಗೊಂಡಿದ್ದೆ, ಕಂಪನಿ ಹೆಸರು ಬೇಡ ಬಿಡಿ, ಎರಡು ಪಿಸಿ ಒಟ್ಟಿಗೆ ಹಾಕಿದ್ರೆ ಸಾಕು ಏದುಸಿರು ಬಿಡೋದು. ಅದನ್ನ ಮೂಲೆಗೆ ಹಾಕಿ, ಹಳೇ ಡೆಸ್ಕ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಅನ್ನೋ ಫ್ರೀ ಆಪರೇಟಿಂಗ್ ಸಿಸ್ಟಮ್ ಹಾಕಿ ಸಾಂಬಾ ಇಟ್ಟೆ. (ಸಾಂಬಾ ಅಂದ್ರೆ ವಿಂಡೋಸ್ ಪಿಸಿಗಳಿಗೆ ಲಿನಕ್ಸ್ ಡಿಸ್ಕ್ ತೋರ್ಸೋ ಸಾಫ್ಟ್‌ವೇರ್, ಫ್ರೀ, 1992ರಲ್ಲಿ ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಶುರು ಮಾಡಿದ್ದು.) ಚೆನ್ನಾಗೇ ಇತ್ತು, ಆದ್ರೆ ಮೂರು ಪಿಸಿ ಒಟ್ಟಿಗೆ ಕಾಪಿ ಹಾಕಿದ್ರೆ ಡಿಸ್ಕ್ ಕರಕರ ಅಂತ ಶಬ್ದ ಮಾಡ್ತಾ ಸ್ಪೀಡ್ ಕುಸಿದ್ಬಿಡೋದು, ಆಮೇಲೆ ಆ ಫೂಟೇಜನ್ನ ಎಡಿಟಿಂಗ್ ಟೈಮ್‌ಲೈನ್‌ಗೆ ಎಳೆದ್ರೆ ಅಲ್ಲೂ ತಡಿಯೋದು. ಕೇಬಲ್ ಬದಲಾಯ್ಸಿದೆ, ನೆಟ್‌ವರ್ಕ್ ಸ್ವಿಚ್ ಬದಲಾಯ್ಸಿದೆ, ದುಡ್ಡು ದಂಡ.

ವಿಷಯ ಏನಪ್ಪಾ ಅಂದ್ರೆ, ವಿಂಡೋಸಲ್ಲಿ ಕಾಪಿ ಮಾಡುವಾಗ ಅದು ಫೈಲ್ ಇಷ್ಟು ದೊಡ್ಡದು ಅಂತ ಸರ್ವರ್‌ಗೆ ಮೊದ್ಲೇ ಹೇಳುತ್ತೆ. ಸಾಂಬಾ ಸುಮ್ನೆ ಸೈಜ್ ಬರ್ಕೊಂಡು "ಹೂಂ ಸರಿ" ಅನ್ನುತ್ತೆ ಅಷ್ಟೇ, ಡಿಸ್ಕಲ್ಲಿ ಜಾಗ ಹಿಡಿದಿಡಲ್ಲ, ಡೇಟಾ ಬಂದಹಾಗೆ ಎಲ್ಲಿ ಖಾಲಿ ಕಂಡ್ತೋ ಅಲ್ಲಿ. ನಮ್ಮ ಕಣದಲ್ಲಿ ಕಾಫಿ ಹರಡೋದು ನೆನೆಸ್ಕೊಳ್ಳಿ, ಮೂರು ತೋಟದ ಹಣ್ಣು ಒಂದೇ ಸಲ ಬಂತು, ಗೆರೆ ಎಳೆದು ನಿಂದಿಲ್ಲಿ ಅವರದ್ದಲ್ಲಿ ಅಂತ ಹೇಳೋರಿಲ್ಲ, ಪ್ರತಿಯೊಬ್ಬ ಬುಟ್ಟಿ ಬುಟ್ಟಿ ತಂದು ಸಿಕ್ಕಿದ ಕಡೆ ಸುರಿದ್ರೆ ಸಾಯಂಕಾಲ ಒಟ್ಟು ಮಾಡೋವಾಗ ಒಬ್ಬೊಬ್ರದ್ದು ಇಡೀ ಕಣ ಸುತ್ತಿ ಬಾಚ್ಬೇಕು. ತಿರುಗೋ ಡಿಸ್ಕಿನ ಹೆಡ್ಡು ಮಾಡೋದೂ ಅದೇ ಸುತ್ತಾಟ.

ಇದಕ್ಕೆ ಮದ್ದು ಸಾಂಬಾದ ಸೆಟ್ಟಿಂಗ್ ಫೈಲಲ್ಲಿ ನಮ್ಮ ಶೇರ್ (ಪಿಸಿಗಳಿಗೆ ಹಂಚಿದ ಫೋಲ್ಡರ್) ಕೆಳಗೆ ಒಂದು ಲೈನ್, ಸ್ಟ್ರಿಕ್ಟ್ ಅಲೊಕೇಟ್ ಈಕ್ವಲ್ಸ್ ಯೆಸ್. ಈಗ ಸೈಜ್ ಹೇಳಿದ ಕೂಡ್ಲೇ ಅಷ್ಟೂ ಜಾಗ ಹಿಡಿದಿಡುತ್ತೆ, ಸಾಧ್ಯ ಆದಷ್ಟು ಒಂದೇ ಸಾಲಲ್ಲಿ. ನಮ್ಮ ಡಿಸ್ಕಿನ ಫೈಲ್ ಸಿಸ್ಟಮ್, ಅಂದ್ರೆ ಡಿಸ್ಕಲ್ಲಿ ಫೈಲ್ ಜೋಡ್ಸೋ ಪದ್ಧತಿ, ಎಕ್ಸ್ಟ್4, ಅದರಲ್ಲಿ ಈ ಜಾಗ "ಇನ್ನೂ ಬರೆದಿಲ್ಲ" ಅಂತ ಗುರುತು ಹಾಕಿ ಇಡೋದಷ್ಟೇ, ಸೊನ್ನೆ ತುಂಬೋ ಕೆಲಸ ಇಲ್ಲ, ಹಾಗಾಗಿ ಕಣ್ಣು ಮಿಟುಕಿಸೋದ್ರಲ್ಲಿ ಆಗುತ್ತೆ. ಎಕ್ಸ್‌ಎಫ್‌ಎಸ್ ಅನ್ನೋ ಇನ್ನೊಂದು ಫೈಲ್ ಸಿಸ್ಟಮ್ ಇದ್ರೂ ಹಂಗೇ.

ನಿಜ ಹೇಳ್ಬೇಕಂದ್ರೆ ಒಂದೇ ಪಿಸಿಯಿಂದ ಕಾಪಿ ಮಾಡಿದ್ರೆ ವ್ಯತ್ಯಾಸ ಗೊತ್ತೇ ಆಗಲ್ಲ, ಗಿಗಾಬಿಟ್ ನೆಟ್‌ವರ್ಕಲ್ಲಿ ಸೆಕೆಂಡಿಗೆ 110 ಎಂಬಿ ಆಸುಪಾಸು ಅಲ್ಲಿಗೇ ನಿಲ್ಲುತ್ತೆ, ಸೆಟ್ಟಿಂಗಲ್ಲಿ ಯಾವ ಲೈನ್ ಹಾಕಿದ್ರೂ ಅಷ್ಟೇ. ಮೂರೂ ಪಿಸಿ ಒಟ್ಟಿಗೆ ಹಾಕಿದಾಗ ನೋಡಿ ಮಜಾ, ಮೊದ್ಲು ಬೆಳಗಿನ ಜಾವದವರೆಗೂ ಎಳೀತಿದ್ದದ್ದು ಈಗ ಊಟ ಮಾಡಿ ಮಲಗೋದ್ರೊಳಗೆ ಮುಗಿಯುತ್ತೆ. ಫೈಲ್ ಡಿಸ್ಕಲ್ಲಿ ಎಷ್ಟು ಚೂರಾಗಿದೆ ಅಂತ ತೋರ್ಸೋ ಫೈಲ್‌ಫ್ರ್ಯಾಗ್ ಅನ್ನೋ ಕಮಾಂಡ್ ಕೊಟ್ಟು ನೋಡಿದೆ, ಹಳೇ ಕ್ಲಿಪ್‌ಗಳು ನೂರಾರು ಚೂರು, ಹೊಸವು ಬೆರಳೆಣಿಕೆ. ಹಳೇ ಫೈಲ್ ತಾನಾಗೇ ಸರಿಯಾಗಲ್ಲ, ಮತ್ತೆ ಕಾಪಿ ಮಾಡ್ಬೇಕು, ನಾನು ಮಾಡಿಲ್ಲ, ಸೋಮಾರಿ.

ಸ್ಪೀಡಿಗಿಂತ ನನಗೆ ಇಷ್ಟ ಆಗಿದ್ದು ಬೇರೆ. ಹಿಂದೆ ರಾತ್ರಿ ಎರಡು ಗಂಟೆಗೆ ನಮ್ಮ ಹುಡುಗ "ಅಣ್ಣ, ಡಿಸ್ಕ್ ಫುಲ್ ಅಂತ ತೋರಿಸ್ತಿದೆ" ಅಂತ ಎಬ್ಬಿಸ್ತಿದ್ದ, ಅಷ್ಟೊತ್ತಿಗೆ ಕ್ಲಿಪ್ಪು ತೊಂಬತ್ತು ಪರ್ಸೆಂಟ್ ಹೋಗಿರೋದು. ಈಗ ಜಾಗ ಇಲ್ಲ ಅಂದ್ರೆ ಶುರುವಲ್ಲೇ ಮುಖಕ್ಕೆ ಹೇಳುತ್ತೆ.

ಎಲ್ಲರಿಗೂ ಹಾಕಿ ಅನ್ನಲ್ಲ. ನಿಮ್ಮ ಫೈಲ್ ಸಿಸ್ಟಮ್ ಹಳೇ ಎಕ್ಸ್ಟ್3 ಆಗಿದ್ರೆ ಮುಟ್ಲೇಬೇಡಿ, ಅದಕ್ಕೆ ಗುರುತು ಹಾಕಿಡೋ ವಿದ್ಯೆ ಇಲ್ಲ, ಪೂರ್ತಿ ಜಾಗಕ್ಕೆ ನಿಜವಾಗ್ಲೂ ಬರೀತಾ ಕೂರುತ್ತೆ, ಅಷ್ಟರಲ್ಲಿ ವಿಂಡೋಸ್ ಕಾದು ಕಾದು ಎರರ್ ಕೊಟ್ಟು ಎದ್ದು ಹೋಗುತ್ತೆ. ಝಡ್‌ಎಫ್‌ಎಸ್ ಅನ್ನೋ ಫೈಲ್ ಸಿಸ್ಟಮ್ ಇದ್ರೆ ಉಪಯೋಗ ಇಲ್ಲ, ಅದು ಹಿಡಿದಿಟ್ಟ ಜಾಗ ಬಿಟ್ಟು ಯಾವತ್ತೂ ಹೊಸ ಜಾಗಕ್ಕೇ ಬರಿಯೋದು. ಬರೀ ವರ್ಡ್ ಎಕ್ಸೆಲ್ ಫೈಲ್ ಇರೋ ಆಫೀಸಿಗೂ ಬೇಕಿಲ್ಲ. ಇನ್ನೊಂದು, ಜುಲೈ ಮಳೆಲಿ ನಮ್ಮ ಕಡೆ ಕರೆಂಟ್ ಕಥೆ ಗೊತ್ತಲ್ಲ, ಕಾಪಿ ಮಧ್ಯ ಹೋದ್ರೆ ಫೈಲ್ ಸೈಜ್ ಸರಿಯಾಗೇ ಕಾಣುತ್ತೆ ಆದ್ರೆ ಕೊನೇ ಭಾಗ ಖಾಲಿ ಇರ್ಬಹುದು, ಲೈನ್ ಹಾಕಿದ್ರೂ ಹಾಕದಿದ್ರೂ ಇದೇ ಗತಿ, ಅದಕ್ಕೆ ಸೈಜ್ ನೋಡಿ ಕಾರ್ಡ್ ಫಾರ್ಮ್ಯಾಟ್ ಹೊಡಿಬೇಡಿ, ಚೆಕ್‌ಸಮ್ (ಫೈಲಿನ ಡೇಟಾದಿಂದ ಲೆಕ್ಕ ಹಾಕಿದ ಗುರುತು ಸಂಖ್ಯೆ) ಎರಡೂ ಕಡೆ ಹೋಲಿಸಿ, ಯುಪಿಎಸ್ ಇಟ್ಕೊಳ್ಳಿ.

ಐದಕ್ಕೆ ನಾಲ್ಕು ಸ್ಟಾರ್. ಒಂದು ಕಟ್ ಮಾಡಿದ್ದು ಯಾಕಂದ್ರೆ ಇದನ್ನ ಡಿಫಾಲ್ಟ್ ಆಗಿ ನೋ ಅಂತ ಇಟ್ಟಿದಾರೆ, ಹುಡುಕಿ ಹಾಕೋಕೆ ನನಗೆ ಪೂರ್ತಿ ಒಂದು ಮದ್ವೆ ಸೀಸನ್ ಹೋಯ್ತು.