ಮಗು ಬದಲಾದ ಕಥೆ, ಕಣ್ಣೀರು ಮಾತ್ರ ಇಲ್ಲ

ಆಸ್ಪತ್ರೆಯಲ್ಲಿ ಮಕ್ಕಳು ಅದಲುಬದಲಾಗುವ ಕಥೆ ನಮಗೇನೂ ಹೊಸದಲ್ಲ. ಕೊನೆಗೆ ರಕ್ತಸಂಬಂಧ ಗೆಲ್ಲಬೇಕು, ಹೆತ್ತ ತಾಯಿ ಓಡಿ ಬಂದು ತಬ್ಬಿಕೊಳ್ಳಬೇಕು, ನಾವು ಮೂಗು ಒರೆಸಿಕೊಳ್ಳಬೇಕು, ಅಲ್ವಾ? ಫ್ರೆಂಚ್ ನಿರ್ದೇಶಕ ಎತಿಯೆನ್ ಶಾತಿಲಿಯೇ ಅದೇ ಕಥೆ ಹಿಡಿದು 1988ರಲ್ಲಿ ಮಾಡಿದ ‘ಲೈಫ್ ಈಸ್ ಎ ಲಾಂಗ್ ಕ್ವೈಟ್ ರಿವರ್’ನಲ್ಲಿ ಇದ್ಯಾವುದೂ ಇಲ್ಲ. ಜಾಹೀರಾತು ಮಾಡುತ್ತಿದ್ದವರ ಮೊದಲ ಸಿನಿಮಾ. ಒಂದೂವರೆ ಗಂಟೆ, ಎಲ್ಲೂ ಎಳೆದಾಟವಿಲ್ಲ.

ಡಾಕ್ಟರ್ ಜೊತೆ ಸಂಬಂಧವಿಟ್ಟುಕೊಂಡ ನರ್ಸ್ ಜೋಸೆಟ್, ಆತ ಹೆಂಡತಿಯನ್ನು ಬಿಟ್ಟು ಬರಲಿಲ್ಲ ಎಂಬ ಸಿಟ್ಟಿಗೆ, ಕ್ರಿಸ್‌ಮಸ್ ಹಿಂದಿನ ರಾತ್ರಿ ಎರಡು ಕೂಸುಗಳನ್ನು ಬದಲಾಯಿಸಿಬಿಡುತ್ತಾಳೆ. ಒಂದು ಗಂಡು, ಒಂದು ಹೆಣ್ಣು. ಯಾರಿಗೂ ಹೇಗೆ ಗೊತ್ತಾಗಲಿಲ್ಲ ಅಂತ ಕೇಳಬೇಡಿ! ಹನ್ನೆರಡು ವರ್ಷ ಬಿಟ್ಟು, ಹೆಂಡತಿ ತೀರಿಕೊಂಡ ಮೇಲೂ ಆತ ಇವಳನ್ನು ಒಲ್ಲೆ ಎಂದಾಗ ಎಲ್ಲರಿಗೂ ಕಾಗದ ಬರೆದು ಗುಟ್ಟು ಒಡೆಯುತ್ತಾಳೆ.

ಒಂದು ಕಡೆ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬದುಕುವ ಗ್ರೋಝೇ ಮನೆ. ಇನ್ನೊಂದು ಕಡೆ ಲ ಕೆನ್ವಾ ಮನೆ: ದುಡ್ಡು, ಚರ್ಚು, ಐದು ಮಕ್ಕಳು, ಎಲ್ಲದಕ್ಕೂ ಶಿಸ್ತು. ನಿಜವಾದ ವಿಚಿತ್ರ ಸಂಸಾರ ಈ ಎರಡನೆಯದೇ. ಸೋಮವಾರ ಅಂದ್ರೆ ರವಿಯೋಲಿ (ಹೂರಣ ತುಂಬಿದ ಪಾಸ್ತಾ), ಬೇರೆ ಮಾತಿಲ್ಲ. ಸರಸ್ವತಿಪುರಂನ ಗೆಳೆಯನ ಮನೆಯಲ್ಲಿ ನೋಡಿದ್ದು, ಇಲ್ಲಿ ನಾವೆಲ್ಲ ಬಿದ್ದು ಬಿದ್ದು ನಕ್ಕರೆ ಅವನ ಅಮ್ಮ, "ಶನಿವಾರ ರಾತ್ರಿ ನಮ್ಮಲ್ಲೂ ಉಪ್ಪಿಟ್ಟೇ ತಾನೇ, ಅದರಲ್ಲೇನು ನಗೋದು?" ಅಂದರು. ಆ ಮನೆಯ ಕೆಲಸದ ಹುಡುಗಿ ಬಸುರಿ, ಆದರೆ ತನ್ನನ್ನು ಯಾರೂ ಮುಟ್ಟೇ ಇಲ್ಲ ಅಂತಾಳೆ. ಮೇರಿ ಮಾತೆಗೆ ಕೈಮುಗಿಯುವವರು ಅದಕ್ಕೆ ಏನು ತಾನೇ ಹೇಳಬೇಕು?

ಗ್ರೋಝೇ ಮನೆಯಲ್ಲಿ ಬೆಳೆದ ಹುಡುಗ ಮೊಮೊ ದುಡ್ಡಿನ ಮನೆಗೆ ಬರುತ್ತಾನೆ. ಸುಮ್ನೆ ನಯವಾಗಿ ಹೊಂದಿಕೊಂಡು, ಬೆಳ್ಳಿ ಸಾಮಾನನ್ನು ಹಳೇ ಮನೆಗೆ ಸಾಗಿಸುತ್ತಾನೆ. ಮೊಮೊ ಆಗಿರುವ ಬೆನ್ವಾ ಮಾಜಿಮೆಲ್ ಆಗಿನ್ನೂ ಹುಡುಗ. 2001ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟ ಪ್ರಶಸ್ತಿ ಪಡೆದದ್ದು ಇವರೇ. ದುಡ್ಡಿನ ಮನೆಯಲ್ಲಿ ಬೆಳೆದ, ಬದಲಾದ ಹೆಣ್ಣುಮಗು ಬೆರ್ನಾದೆತ್‌ಗೆ ತನ್ನ ಹುಟ್ಟಿನ ವಿಷಯ ತಿಳಿದ ಮೇಲೆ ತನ್ನ ಮೇಲೇ ಅಸಹ್ಯ. ಲ ಕೆನ್ವಾ ಮನೆಯ ತಾಯಿ ಕುಡಿಯಲು ಶುರುಮಾಡುತ್ತಾಳೆ. ಆ ಪಾತ್ರಕ್ಕೆ ಎಲೆನ್ ವಿನ್ಸೆಂಟ್‌ಗೆ ಫ್ರಾನ್ಸಿನ ಸಿನಿಮಾ ಪ್ರಶಸ್ತಿ ಸೆಸಾರ್ ಬಂತು, ಬರಲೇಬೇಕಿತ್ತು.

ತಕರಾರೂ ಇದೆ. ಬಡವರ ಮನೆಯನ್ನು ತೋರಿಸುವಾಗ ಬಣ್ಣ ಸ್ವಲ್ಪ ಜಾಸ್ತಿಯಾಗಿದೆ. ಬೆರ್ನಾದೆತ್‌ಳನ್ನು ಅರ್ಧಕ್ಕೇ ಕೈಬಿಟ್ಟಂತೆ ಅನಿಸಿತು, ನನಗೆ ಅವಳದೇ ಕಥೆ ಬೇಕಿತ್ತು. ಆದರೂ ನೋಡಿ, ಮಕ್ಕಳು ಮಲಗಿದ ಮೇಲೆ. ಪಾದ್ರಿ ಹಾಡುವಾಗ ಮಾತ್ರ ಕಾಫಿಗೆ ಅಂತ ಎದ್ದು ಹೋಗಬೇಡಿ.