ಹೊಸಿಲಿಗೆ ಹಿತ್ತಾಳೆ, ಕೋಣೆಗಳಿಗೆ ಚಿನ್ನದ ಬಣ್ಣದ ಪಟ್ಟಿ: ಐದು ವರ್ಷಗಳ ಬಳಕೆಯ ನಂತರ

ಬೆಂಗಳೂರಿನ ನಮ್ಮ ಮನೆಯ ನೆಲದಲ್ಲಿ ಮತ್ತು ಬಾಗಿಲುಗಳಲ್ಲಿ ನಾಲ್ಕು ಬಗೆಯ ಲೋಹದ ಪಟ್ಟಿಗಳಿವೆ. ಮುಂಬಾಗಿಲಿನ ತೇಗದ ಹೊಸಿಲಿಗೆ ಅಪ್ಪಟ ಹಿತ್ತಾಳೆಯ ತಗಡು ಹೊದಿಸಿದ್ದೇವೆ. ಹಾಲ್‌ನ ವಿಟ್ರಿಫೈಡ್ ಟೈಲ್ಸ್ ಮುಗಿದು ಮಲಗುವ ಕೋಣೆಗಳ ಮರದ ಹಾಸು ಶುರುವಾಗುವ ಕಡೆಗಳಲ್ಲಿ ಮತ್ತು ಬಾಲ್ಕನಿಯ ಬಾಗಿಲಿನಲ್ಲಿ ಚಿನ್ನದ ಬಣ್ಣದ ಆನೊಡೈಸ್ಡ್ ಅಲ್ಯೂಮಿನಿಯಂ ಇದೆ. ಅಡುಗೆಮನೆ ಮತ್ತು ಬಚ್ಚಲುಮನೆಗಳ ಬಾಗಿಲಿನಲ್ಲಿ ಹೇರ್‌ಲೈನ್ ಫಿನಿಶ್‌ನ ಸ್ಟೇನ್‌ಲೆಸ್ ಸ್ಟೀಲ್, ದೇವರಮನೆಯ ಮುಂದೆ ಚಿನ್ನದ ಬಣ್ಣದ ಪಿವಿಡಿ ಲೇಪನವಿರುವ (ಅಂದರೆ ನಿರ್ವಾತದಲ್ಲಿ ತೆಳು ಪದರ ಕೂರಿಸಿದ) ಸ್ಟೀಲ್ ಇದೆ. ಅಳತೆ, ಆಕಾರಗಳ ವಿವರ ಎಲ್ಲ ಅಂಗಡಿಗಳ ಕ್ಯಾಟಲಾಗಿನಲ್ಲೂ ಸಿಗುವುದರಿಂದ ಅದನ್ನು ಇಲ್ಲಿ ಬರೆಯುತ್ತಿಲ್ಲ. ಇವೆಲ್ಲವೂ ಒಂದೇ ಸಲ ಕೂತವು, ಈಗ ಎಲ್ಲಕ್ಕೂ ಐದು ವರ್ಷ. ಅವುಗಳಲ್ಲಿ ಒಂದು ನನಗೆ ದಿನವೂ ಬೇಸರ ತರಿಸುತ್ತಿದೆ, ಇನ್ನೊಂದು ನಾನು ಎಣಿಸದೇ ಇದ್ದಷ್ಟು ಸಂತೋಷ ಕೊಟ್ಟಿದೆ.

ಬೇಸರದ್ದು ಅಲ್ಯೂಮಿನಿಯಂ ಪಟ್ಟಿ. ಹೊಸದರಲ್ಲಿ ಅದು ಹಿತ್ತಾಳೆಯಷ್ಟೇ ಚೆನ್ನಾಗಿ ಕಾಣುತ್ತಿತ್ತು, ಬೆಲೆಯಂತೂ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಈಗ ಹಾಲ್‌ನಿಂದ ಕೋಣೆಗೆ ಹೋಗುವ ಬಾಗಿಲಲ್ಲಿ ಬಗ್ಗಿ ನೋಡಿದರೆ, ಕಾಲು ಬೀಳುವ ನಡುವಿನ ಒಂದು ಗೇಣಿನಷ್ಟು ಜಾಗ ಬೆಳ್ಳಗೆ ತಿರುಗಿದೆ. ಎರಡು ತುದಿಗಳಲ್ಲಿ ಚಿನ್ನದ ಬಣ್ಣ ಹಾಗೆಯೇ ಇದೆ, ಬಾಗಿಲ ಚೌಕಟ್ಟಿನ ಸಂದಿಯಲ್ಲಂತೂ ನಿನ್ನೆ ತಂದಷ್ಟು ಹೊಸದಾಗಿದೆ. ಹಾಗಾಗಿ ಸವೆದ ಜಾಗ ಇನ್ನೂ ಎದ್ದು ಕಾಣುತ್ತದೆ. ಆನೊಡೈಸಿಂಗ್ ಎಂದರೆ ಅಲ್ಯೂಮಿನಿಯಂನ ಮೇಲ್ಮೈಯನ್ನೇ ವಿದ್ಯುತ್ತಿನ ಸಹಾಯದಿಂದ ಗಟ್ಟಿಯಾದ ಆಕ್ಸೈಡ್ ಪದರವಾಗಿ ಬೆಳೆಸುವುದು. ಆ ಪದರದ ಸೂಕ್ಷ್ಮ ರಂಧ್ರಗಳಿಗೆ ಬಣ್ಣ ಕುಡಿಸಿ ಮೇಲೆ ಮುಚ್ಚುತ್ತಾರೆ. ಪದರ ಗಟ್ಟಿಯೇ ಆದರೂ ಅದರ ದಪ್ಪ ಮೈಕ್ರಾನ್‌ಗಳ ಲೆಕ್ಕದ್ದು, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದ್ದು. ಬೀದಿಯ ಮರಳಿನ ಕಣ ಅಂಟಿದ ಪಾದಗಳು ವರ್ಷಗಟ್ಟಲೆ ಒಂದೇ ಜಾಗವನ್ನು ತುಳಿದಾಗ ಆ ಪದರ ಸವೆಯುತ್ತದೆ, ಬಣ್ಣವೂ ಅದರ ಜೊತೆಗೇ ಹೋಗುತ್ತದೆ. ಒಳಗೆ ಉಳಿಯುವುದು ಬರೀ ಬಿಳಿಯ ಅಲ್ಯೂಮಿನಿಯಂ, ಅದನ್ನು ಎಷ್ಟು ಉಜ್ಜಿದರೂ ಚಿನ್ನದ ಬಣ್ಣ ಮರಳುವುದಿಲ್ಲ.

ಸವೆತವೊಂದೇ ಅಲ್ಲ. ಅಲ್ಯೂಮಿನಿಯಂನ ಆಕ್ಸೈಡ್ ಆಮ್ಲಕ್ಕೂ ಕರಗುತ್ತದೆ, ಕ್ಷಾರಕ್ಕೂ ಕರಗುತ್ತದೆ. ಟೈಲ್ಸ್ ಕೂರಿಸುವಾಗ ಪಟ್ಟಿಯ ಮೇಲೆ ಬಿದ್ದು ಒರೆಸದೇ ಉಳಿದ ಸಿಮೆಂಟ್ ಹಾಲಿನ ಹನಿಗಳು ಗೃಹಪ್ರವೇಶದ ಹೊತ್ತಿಗೇ ಬೂದು ಚುಕ್ಕೆಗಳಾಗಿ ನಿಂತಿದ್ದವು, ಏಕೆಂದರೆ ಹಸಿ ಸಿಮೆಂಟ್ ಬಲವಾದ ಕ್ಷಾರ. ಬಚ್ಚಲುಮನೆ ತೊಳೆಯುವ ಆಮ್ಲದ ದ್ರಾವಣ ಒಮ್ಮೆ ಹೊರಗೆ ಹರಿದು ಬಂದ ಕಡೆ ಪಟ್ಟಿಯ ಅಂಚು ಸುಣ್ಣ ಬಳಿದಂತೆ ಮಂಕಾಯಿತು. ಬಾಲ್ಕನಿಯ ಪಟ್ಟಿಯನ್ನು ತುಳಿಯುವವರೇ ಕಡಿಮೆ, ಆದರೂ ಪಶ್ಚಿಮದ ಬಿಸಿಲಿಗೆ ಅದು ಚಿನ್ನದಿಂದ ಹುಲ್ಲಿನ ಬಣ್ಣಕ್ಕೆ ಇಳಿದಿದೆ. ಸಾವಯವ ಬಣ್ಣ ಕುಡಿಸಿದ ಪಟ್ಟಿಗಳು ಬಿಸಿಲಿಗೆ ಹೀಗೆ ಮಾಸುತ್ತವೆ. ಲೋಹದ ಲವಣಗಳಿಂದ ಬಣ್ಣ ಬರಿಸಿದ ಕಂಚು ಮತ್ತು ಕಪ್ಪು ಛಾಯೆಗಳು ಹೆಚ್ಚು ತಾಳುತ್ತವೆ. ಇಂಥದ್ದನ್ನು ಮಾರುವವರು ತಾವಾಗಿ ಹೇಳಬೇಕು ಎಂದು ನಾನು ಬಲವಾಗಿ ನಂಬುತ್ತೇನೆ. ನಮಗೆ ಮಾರಿದ ಅಂಗಡಿಯವರು "ಬಣ್ಣ ಹೋಗುವ ಮಾತೇ ಇಲ್ಲ ಸರ್" ಎಂದಿದ್ದರು.

ಇನ್ನು ಹೊಸಿಲು. ಎಸ್.ಜೆ.ಪಿ. ರಸ್ತೆಯಲ್ಲಿ ತಗಡು ನೋಡಲು ಹೋದಾಗ ನಮ್ಮ ಅತ್ತೆಯವರೂ ಜೊತೆಗಿದ್ದರು. ಲ್ಯಾಕರ್ ಎಂಬ ಪಾರದರ್ಶಕ ಲೇಪ ಹಚ್ಚಿದ ಹಿತ್ತಾಳೆ ಕೊಂಡರೆ ಪಾಲಿಶ್ ಮಾಡುವ ಕೆಲಸವೇ ಇರುವುದಿಲ್ಲ ಎಂದು ಅಂಗಡಿಯ ಹುಡುಗ ಹೇಳಿದಾಗ ಅವರು, "ದಿನಾ ನೀರು ಬೀಳೋ ಜಾಗ ಕಣಪ್ಪಾ, ಮೇಲೆ ಏನೂ ಹಚ್ಚದೇ ಇರೋದೇ ಕೊಡು" ಎಂದರು. ಆ ಮಾತಿಗೆ ನಾನು ಇಂದಿಗೂ ಋಣಿ. ಲ್ಯಾಕರ್ ಒಂದು ಕಡೆ ಎದ್ದರೆ ಅದರ ಕೆಳಗೆ ಹಿತ್ತಾಳೆ ಕಪ್ಪಾಗುತ್ತಾ ಹೋಗುತ್ತದೆ, ಉಳಿದ ಲ್ಯಾಕರನ್ನು ಪೂರ್ತಿ ತೆಗೆಯದೆ ಅದನ್ನು ಉಜ್ಜಲೂ ಆಗುವುದಿಲ್ಲ.

ಬೆಳಿಗ್ಗೆ ಬಾಗಿಲು ತೆರೆದು ಅಂಗಳಕ್ಕೆ ನೀರು ಹಾಕಿದ ಮೇಲೆ ಹೊಸಿಲನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಅರಿಶಿನ ಹಚ್ಚಿ, ಕುಂಕುಮದ ಬೊಟ್ಟಿಟ್ಟು, ಎರಡು ಎಳೆ ರಂಗೋಲಿ ಎಳೆದು, ಹೂವಿಡುವುದು ನಮ್ಮ ಮನೆಯ ಕ್ರಮ. ಗುರುವಾರ ರಾತ್ರಿ ನಿಂಬೆಗಾತ್ರದ ಹುಣಸೆಹಣ್ಣನ್ನು ನೆನೆಹಾಕಿರುತ್ತೇವೆ. ಶುಕ್ರವಾರ ಅದನ್ನು ಚಿಟಿಕೆ ಉಪ್ಪಿನ ಜೊತೆ ಕಿವುಚಿ ತಗಡಿನ ಉದ್ದಕ್ಕೂ ಹಚ್ಚಿದರೆ, ಬೆರಳು ಹೋದ ದಾರಿಯಲ್ಲೇ ಕಂದು ಕರಗಿ ಹಳದಿ ಹೊಳಪು ಮೂಡುತ್ತದೆ. ಹುಣಸೆಯ ಟಾರ್ಟಾರಿಕ್ ಆಮ್ಲ ತಾಮ್ರದ ಆಕ್ಸೈಡನ್ನು ಕರಗಿಸುವುದರಿಂದ ಹೀಗಾಗುತ್ತದೆ. ಹಚ್ಚಿ ಹೆಚ್ಚು ಹೊತ್ತು ಬಿಡಬಾರದು. ಬಿಟ್ಟರೆ ಹಿತ್ತಾಳೆಯಲ್ಲಿರುವ ಸತು ಮೊದಲು ಕರಗಿ, ಮೇಲ್ಮೈ ತಾಮ್ರದಂತೆ ಕೆಂಪಗೆ ಕಾಣುತ್ತದೆ. ತೊಳೆದ ಕೂಡಲೇ ಒಣ ಬಟ್ಟೆಯಲ್ಲಿ ಒರೆಸುವುದೂ ಮುಖ್ಯ, ಇಲ್ಲವಾದರೆ ನಮ್ಮ ಬೋರ್‌ವೆಲ್‌ನ ಗಡಸು ನೀರು ಬಿಳಿಯ ಚುಕ್ಕೆಗಳನ್ನು ಉಳಿಸುತ್ತದೆ. ಸಮಯವಿಲ್ಲದ ವಾರ ಪೀತಾಂಬರಿ ಪುಡಿ ಬಳಸುತ್ತೇವೆ. ಹೊಳಪು ಬೇಗ ಬರುತ್ತದೆ, ಆದರೆ ಹುಣಸೆಯ ಹೊಳಪು ಹೆಚ್ಚು ಮೃದುವಾಗಿದೆ ಎಂದು ನನಗೆ ಅನ್ನಿಸುತ್ತದೆ. ಐದು ವರ್ಷಗಳಲ್ಲಿ ತಗಡಿನ ಅಂಚುಗಳು ಉಜ್ಜಿ ಉಜ್ಜಿ ದುಂಡಗಾಗಿವೆ, ಬಣ್ಣ ಮಾತ್ರ ಮೊದಲ ದಿನದ್ದೇ. ಏಕೆಂದರೆ ಅದು ಮೇಲೆ ಹಚ್ಚಿದ ಬಣ್ಣವಲ್ಲ, ಲೋಹದ ಮೈಯದ್ದು. ಎಷ್ಟು ಸವೆದರೂ ಕೆಳಗೆ ಅದೇ ಹಿತ್ತಾಳೆ ಇರುತ್ತದೆ.

ಅಲ್ಯೂಮಿನಿಯಂ ಬಗ್ಗೆ ನನಗಿರುವ ಕೋಪ ಇಲ್ಲಿ ಸ್ವಲ್ಪ ತಗ್ಗುತ್ತದೆ. ಹೊಸಿಲನ್ನು ತುಳಿಯಬಾರದು ಎಂದು ನಮ್ಮಲ್ಲಿ ಮಕ್ಕಳಿಗೂ ಕಲಿಸಿರುತ್ತೇವೆ, ಎಲ್ಲರೂ ದಾಟಿಯೇ ಬರುತ್ತಾರೆ. ಅದರ ಮೇಲೆ ಬೀಳುವುದು ನೀರು, ಅರಿಶಿನ, ಕುಂಕುಮ. ಕೋಣೆಯ ಪಟ್ಟಿಯಾದರೋ ನೆಲದ ಮಟ್ಟಕ್ಕೇ ಇರುವುದರಿಂದ ಪಾದ, ಕುರ್ಚಿಯ ಗಾಲಿ, ನೆಲ ಒರೆಸುವ ಮಾಪ್ ಎಲ್ಲವೂ ಅದರ ಮೇಲೆಯೇ ಓಡಾಡುತ್ತವೆ. ಅಲ್ಲಿ ಹಿತ್ತಾಳೆ ಹಾಕಿಸಿದ್ದರೆ ಇಷ್ಟು ಉದ್ದದ ಪಟ್ಟಿಯನ್ನು ವಾರವಾರ ಉಜ್ಜಲು ನಮ್ಮ ಮನೆಯಲ್ಲಿ ಯಾರಿಗೂ ಸಾಧ್ಯವಾಗುತ್ತಿರಲಿಲ್ಲ. ಹಿತ್ತಾಳೆಯನ್ನು ತೂಕಕ್ಕೆ ಮಾರುತ್ತಾರೆ, ಅದೇ ಅಳತೆಗೆ ಅದು ಅಲ್ಯೂಮಿನಿಯಂನ ಮೂರರಷ್ಟಕ್ಕಿಂತ ಹೆಚ್ಚು ತೂಗುತ್ತದೆ, ಕಿಲೋ ಬೆಲೆಯೂ ಹೆಚ್ಚು. ನಮ್ಮ ಬಜೆಟ್ಟಿಗೆ ಒಂದು ಹೊಸಿಲಿನಷ್ಟು ಹಿತ್ತಾಳೆ ಸರಿಯಾಗಿತ್ತು.

ಹಿತ್ತಾಳೆ ಕೊಳ್ಳುವವರು ಎರಡು ವಿಷಯಗಳನ್ನು ಕೂರಿಸುವವರಿಗೆ ಮೊದಲೇ ಹೇಳಬೇಕು. ನಮ್ಮ ಹೊಸಿಲಿನ ಒಂದು ಬದಿಯ ಸಂದಿಗೆ ಕೆಲಸಗಾರರು ವಿನೆಗರ್ ವಾಸನೆ ಬರುವ ಸಿಲಿಕಾನ್ ತುಂಬಿದ್ದರು. ಕೆಲವೇ ವಾರಗಳಲ್ಲಿ ಆ ಸಾಲಿನುದ್ದಕ್ಕೂ ಹಸಿರು ಗೆರೆ ಎದ್ದಿತು. ಅದು ಒಣಗುವಾಗ ಬಿಡುವ ಅಸಿಟಿಕ್ ಆಮ್ಲ ತಾಮ್ರವಿರುವ ಲೋಹವನ್ನು ತಿನ್ನುತ್ತದೆ. ಅದನ್ನು ಕೆರೆದು ತೆಗೆಸಿ, ಆ ಆಮ್ಲ ಬಿಡದ ನ್ಯೂಟ್ರಲ್ ಸಿಲಿಕಾನ್ ಹಾಕಿಸಿದ ಮೇಲೆ ಗೆರೆ ಮತ್ತೆ ಬರಲಿಲ್ಲ. ಎರಡನೆಯದು, ಮೊಳೆ ಮತ್ತು ಸ್ಕ್ರೂಗಳೂ ಹಿತ್ತಾಳೆಯವೇ ಆಗಿರಬೇಕು. ದಿನವೂ ನೀರು ಬೀಳುವ ಜಾಗದಲ್ಲಿ ಹಿತ್ತಾಳೆಗೆ ತಾಗಿದ ಕಬ್ಬಿಣ ಬೇಗ ತುಕ್ಕು ಹಿಡಿದು ಕೆಳಗಿನ ಮರವನ್ನೂ ಕಪ್ಪಾಗಿಸುತ್ತದೆ.

ಸ್ಟೀಲ್ ಪಟ್ಟಿಯ ಬಗ್ಗೆ ದೂರಲು ಏನೂ ಇಲ್ಲ. ಹೇರ್‌ಲೈನ್ ಫಿನಿಶ್‌ನಲ್ಲಿ ಕೂದಲೆಳೆಯಂಥ ಗೆರೆಗಳು ಮೊದಲೇ ಇರುವುದರಿಂದ ಪಾತ್ರೆ ಬಿದ್ದು ಆದ ಗೀರುಗಳು ಅವುಗಳಲ್ಲಿ ಸೇರಿಹೋಗುತ್ತವೆ. ಗೀರು ಕಣ್ಣಿಗೆ ಕಂಡರೆ ಪಾತ್ರೆ ತಿಕ್ಕುವ ಹಸಿರು ನಾರನ್ನು ಗೆರೆಯ ದಿಕ್ಕಿನಲ್ಲೇ ನಾಲ್ಕು ಬಾರಿ ಎಳೆದರೆ ಸಾಕು, ಅಡ್ಡಕ್ಕೆ ಉಜ್ಜಬಾರದು. ಕನ್ನಡಿಯಂಥ ಹೊಳಪಿನ ಸ್ಟೀಲ್‌ಗೆ ಈ ಸೌಲಭ್ಯವಿಲ್ಲ. ಕೊಳ್ಳುವಾಗ ಬಿಲ್ಲಿನಲ್ಲಿ ಸ್ಟೀಲ್‌ನ ದರ್ಜೆ 304 ಎಂದು ಬರೆಸಿಕೊಳ್ಳಿ. ಅದರಲ್ಲಿ ಸುಮಾರು 18 ಶೇಕಡಾ ಕ್ರೋಮಿಯಂ, 8 ಶೇಕಡಾ ನಿಕಲ್ ಇರುತ್ತದೆ. ನಿಕಲ್ ಕಡಿಮೆಯಿರುವ 202 ಅಗ್ಗ, ನೋಡಲು ಒಂದೇ ರೀತಿ ಇರುತ್ತದೆ, ಆದರೆ ಒದ್ದೆ ಜಾಗದಲ್ಲಿ ಬೇಗ ತುಕ್ಕಿನ ಚುಕ್ಕೆ ತೋರುತ್ತದೆ. ಮಂಗಳೂರಿನಲ್ಲಿ ಕಡಲಿಗೆ ಹತ್ತಿರವಿರುವ ತಂಗಿಯ ಮನೆಯಲ್ಲಿ 304 ಪಟ್ಟಿಯ ಮೇಲೂ ಚಹಾದ ಕಲೆಯಂಥ ಕಂದು ಬಣ್ಣ ಕಾಣಿಸಿಕೊಂಡಿದೆ. ಉಪ್ಪುಗಾಳಿ ಇರುವ ಕಡೆ ಮಾಲಿಬ್ಡಿನಂ ಸೇರಿಸಿದ 316 ಬೇಕು.

ದೇವರಮನೆಯ ಪಿವಿಡಿ ಪಟ್ಟಿಯ ಚಿನ್ನದ ಬಣ್ಣ ಈವರೆಗೆ ಮಾಸಿಲ್ಲ. ನಿರ್ವಾತದಲ್ಲಿ ಸ್ಟೀಲ್ ಮೇಲೆ ಕೂರಿಸುವ ಟೈಟಾನಿಯಂ ನೈಟ್ರೈಡ್‌ನಂಥ ಪದರ ಬಹಳ ತೆಳುವಾದರೂ ಬಹಳ ಗಟ್ಟಿ. ದೀಪದ ಎಣ್ಣೆ ಬಿದ್ದರೆ ಸೋಪಿನ ನೀರು ಹಚ್ಚಿ ಒರೆಸಿದರೆ ಹೋಗುತ್ತದೆ. ಆದರೂ ಕಂಚಿನ ದೀಪಸ್ತಂಭ ಜಾರಿ ಬಿದ್ದು ಆದ ಒಂದು ಆಳವಾದ ಗೀರಿನಲ್ಲಿ ಕೆಳಗಿನ ಸ್ಟೀಲ್ ಬೆಳ್ಳಗೆ ಇಣುಕುತ್ತಿದೆ, ಅದನ್ನು ಮನೆಯಲ್ಲಿ ಸರಿಪಡಿಸುವ ದಾರಿಯಿಲ್ಲ. ಚಿನ್ನದ ಬಣ್ಣವೇ ಬೇಕು, ಉಜ್ಜಲು ಆಗುವುದಿಲ್ಲ ಎನ್ನುವವರಿಗೆ, ಕಾಲು ಕಡಿಮೆ ಬೀಳುವ ಜಾಗಕ್ಕೆ ಇದನ್ನೇ ಸೂಚಿಸುತ್ತೇನೆ.

ಕೋಣೆಗಳ ಅಲ್ಯೂಮಿನಿಯಂ ಪಟ್ಟಿಗಳನ್ನು ಈಗ ಒಂದೊಂದಾಗಿ ಬದಲಿಸಲು ಶುರುಮಾಡಿದ್ದೇವೆ. ಮರದ ಹಾಸು ಹಿಗ್ಗಲು ಬಿಟ್ಟ ಸಂದಿಯ ಮೇಲೆ ಸ್ಕ್ರೂ ಹಾಕಿ ಕೂರಿಸಿದವು ಸುಲಭವಾಗಿ ಬಿಚ್ಚಿ ಬಂದವು, ಅಲ್ಲಿ ಹೇರ್‌ಲೈನ್ ಸ್ಟೀಲ್ ಕೂತಿದೆ. ಬಾಲ್ಕನಿಯದ್ದು ಟೈಲ್ಸ್ ಅಡಿಯ ಗಾರೆಯೊಳಗೆ ಹುದುಗಿರುವುದರಿಂದ ಅಂಚಿನ ಎರಡು ಟೈಲ್ಸ್ ಒಡೆಯಬೇಕಾಗುತ್ತದೆ ಎಂದು ಟೈಲ್ಸ್ ಮೇಸ್ತ್ರಿ ಹೇಳಿದ್ದಾರೆ. ಮಳೆಗಾಲ ಮುಗಿದ ಮೇಲೆ ಆ ಕೆಲಸ ಮಾಡಿಸುತ್ತೇವೆ, ಈ ಸಲ ಬಿಚ್ಚಲು ಬರುವಂತೆ ಸ್ಕ್ರೂ ಹಾಕಿಯೇ.