ಆನೆಗೊಂದಿ ಬಳಿಯ ತಂಡ ಆಟಗಳ ಪ್ಯಾಕೇಜ್: ಯಾವ ಆಟ ಆಯ್ದುಕೊಳ್ಳಬೇಕು?

ಬಳ್ಳಾರಿಯ ನಮ್ಮ ಜೀನ್ಸ್ ಘಟಕದ ಕಟಿಂಗ್, ಹೊಲಿಗೆ, ಪ್ಯಾಕಿಂಗ್ ಮತ್ತು ಲೆಕ್ಕಪತ್ರ ವಿಭಾಗದವರೆಲ್ಲ ಒಂದು ದಿನ ಕೂಡಿ ಆಡಿ ಬರಲೆಂದು ಕೊಪ್ಪಳ ಜಿಲ್ಲೆಯ ಆನೆಗೊಂದಿ ಸಮೀಪದ ರೆಸಾರ್ಟೊಂದರಲ್ಲಿ ತಂಡ ಆಟಗಳ ಪ್ಯಾಕೇಜ್ ಗೊತ್ತುಮಾಡಿದ್ದೆವು. ತಲೆಗೆ ಇಂತಿಷ್ಟೆಂದು ಹಣ ಪಡೆದು ಉಪಾಹಾರ, ಊಟ, ಮೈದಾನ, ಸಲಕರಣೆ ಮತ್ತು ಆಟ ಆಡಿಸುವವರನ್ನು ಒದಗಿಸುವ ಇವರು, ಐದು ಆಟಗಳ ಪಟ್ಟಿ ಕೊಟ್ಟು ಮೂರನ್ನು ಆಯ್ದುಕೊಳ್ಳಲು ಹೇಳುತ್ತಾರೆ. ಯಾವುದನ್ನು ಆಯ್ದರೂ ದರ ಒಂದೇ ಆಗಿರುವುದರಿಂದ, ಕೊಟ್ಟ ಹಣ ಸಾರ್ಥಕವಾಗುವುದು ಬಹುಮಟ್ಟಿಗೆ ಈ ಆಯ್ಕೆಯ ಮೇಲೆ ನಿಂತಿದೆ.

ಎಲ್ಲರೂ ಮೊದಲು ಕೇಳುವುದು ಹಗ್ಗ ಜಗ್ಗಾಟವನ್ನು. ಅಧಿಕೃತ ಪಂದ್ಯಗಳಲ್ಲಿ ತಂಡಕ್ಕೆ 8 ಜನರಿರುತ್ತಾರೆ, ಎದುರಾಳಿಗಳನ್ನು 4 ಮೀಟರ್ ಎಳೆದವರು ಗೆಲ್ಲುತ್ತಾರೆ, ಹಗ್ಗದ ಸುತ್ತಳತೆ 10 ಸೆಂಟಿಮೀಟರ್‌ಗಿಂತ ಕಡಿಮೆ ಇರುವಂತಿಲ್ಲ. ಇಲ್ಲಿ ನಮಗೆ ಕೊಟ್ಟದ್ದು ತೆಳುವಾದ ನೈಲಾನ್ ಹಗ್ಗ. ಎರಡು ಸಲ ಜಗ್ಗುವಷ್ಟರಲ್ಲಿ ಅಂಗೈ ಉರಿಯತೊಡಗಿತು. ಕೈಯನ್ನೇ ನಂಬಿ ದುಡಿಯುವ ಹೊಲಿಗೆಯವರಿಗೆ ಇದು ಸಣ್ಣ ಮಾತಲ್ಲ. ಹಗ್ಗವನ್ನು ಮುಂಗೈಗೆ ಸುತ್ತಿಕೊಳ್ಳಬಾರದೆಂಬ ಮುಖ್ಯ ಎಚ್ಚರಿಕೆಯನ್ನೂ ಆಡಿಸುವವರು ಹೇಳಲಿಲ್ಲ, ನಮ್ಮ ಕಟಿಂಗ್ ಮಾಸ್ಟರೇ ಗಮನಿಸಿ ಬಿಡಿಸಿದರು. ಮೇಲಾಗಿ, ದಪ್ಪ ಮೈಯವರು ಯಾವ ಕಡೆಗಿದ್ದಾರೆಂಬುದನ್ನು ನೋಡಿದರೆ ಫಲಿತಾಂಶ ಮೊದಲೇ ಗೊತ್ತಾಗುತ್ತದೆ.

ಕಬಡ್ಡಿಯನ್ನು ನಾವು ಆಯ್ದುಕೊಳ್ಳಲಿಲ್ಲ. ಹೆಣ್ಣು ಗಂಡು ಕೂಡಿದ ತಂಡದಲ್ಲಿ ಹಿಡಿದು ಕೆಡವುವ ಆಟ ಯಾರಿಗೂ ಸಲೀಸಲ್ಲ. 2025ರ ಜನವರಿಯಲ್ಲಿ ದೆಹಲಿಯಲ್ಲಿ ನಡೆದ ಮೊದಲ ಕೊಕ್ಕೊ ವಿಶ್ವಕಪ್ಪನ್ನು ಭಾರತದ ಪುರುಷರ ಮತ್ತು ಮಹಿಳೆಯರ ತಂಡಗಳೆರಡೂ ಗೆದ್ದಿದ್ದರಿಂದ ಕಿರಿಯರಿಗೆ ಕೊಕ್ಕೊ ಆಡುವ ಉಮೇದು ಬಹಳವಿತ್ತು. ಆದರೆ ಕುಕ್ಕರಗಾಲಿನಲ್ಲಿ ಕೂತು, ಬೆನ್ನಿಗೆ ಕೊಕ್ಕು ಬೀಳುತ್ತಲೇ ಜಿಗಿದೇಳುವುದು ಮಂಡಿನೋವಿನವರಿಗೆ ಆಗದ ಮಾತೆಂದು ಅದನ್ನೂ ಕೈಬಿಟ್ಟೆವು.

ಥ್ರೋಬಾಲ್ ಚೆನ್ನಾಗಿ ಒದಗಿಬಂತು. ನಮ್ಮ ಕಡೆಯ ಶಾಲೆಗಳಲ್ಲಿ ಓದಿದ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಇದನ್ನು ಆಡಿಯೇ ಬಂದವರಾದ್ದರಿಂದ ನಿಯಮ ವಿವರಿಸುವ ಕೆಲಸವೇ ಇರಲಿಲ್ಲ. ಸೀರೆಯ ಸೆರಗು ಸಿಕ್ಕಿಸಿ ನಿಂತ ಟೇಲರಮ್ಮಂದಿರು ಹಿಡಿದ ಚೆಂಡನ್ನು ಮೂರು ಸೆಕೆಂಡಿನೊಳಗೆ ಬಲೆಯಾಚೆ ಎಸೆಯುತ್ತಿದ್ದರೆ, ಲೆಕ್ಕಪತ್ರದ ಹುಡುಗರು ಅಂಕ ಬಿಟ್ಟುಕೊಡುತ್ತಲೇ ಇದ್ದರು.

ಆದರೂ ನನ್ನ ಮೊದಲ ಶಿಫಾರಸು ಲಗೋರಿಗೆ. ಏಳು ಚಪ್ಪಟೆ ಕಲ್ಲುಗಳಲ್ಲಿ ಕೆಳಗಿನದು ಸ್ವಲ್ಪ ಅಲುಗುತ್ತಿದ್ದುದರಿಂದ ಪೇರಿಸುವವರಿಗೆ ಸಹನೆ ಬೇಕಿತ್ತು, ಅವರನ್ನು ಚೆಂಡಿನ ಏಟಿನಿಂದ ಕಾಯಲು ಉಳಿದವರು ಅಡ್ಡ ಓಡಾಡಬೇಕಿತ್ತು. ಪ್ಯಾಕಿಂಗಿನ ಕಿರಿಯ ಹುಡುಗನೊಬ್ಬ, ದಿನವೂ ತನಗೆ ಕೆಲಸ ಹೇಳುವ ಮೇಲ್ವಿಚಾರಕಿಗೆ, "ಅಕ್ಕಾ, ನೀವು ಕಲ್ಲು ಜೋಡಸ್ರಿ, ಚೆಂಡು ನಾ ನೋಡ್ಕೊಂತೀನಿ" ಎಂದು ಕೂಗಿದ. ಅವರು ಮರುಮಾತಿಲ್ಲದೆ ಕೂತು ಜೋಡಿಸಿದರು. ತಂಡದ ಆಟದಿಂದ ಸಂಸ್ಥೆಯೊಂದು ಬಯಸುವ ಹೊಂದಾಣಿಕೆ ನನಗೆ ಕಂಡದ್ದು ಇಲ್ಲಿಯೇ. ಮೆತ್ತನೆಯ ರಬ್ಬರ್ ಚೆಂಡನ್ನೇ ಕೇಳಿ ಪಡೆಯಬೇಕು.

ಮಂಡಕ್ಕಿ ಒಗ್ಗರಣೆ, ಮಿರ್ಚಿ ರುಚಿಯಾಗಿದ್ದವು. ಓಡುವ ಮುನ್ನ ಮಿರ್ಚಿ ತಿಂದವರ ಪಾಡು ಬೇರೆ. ಮೈದಾನದಲ್ಲಿ ನೆರಳಿಲ್ಲದಿರುವುದು ಇಲ್ಲಿನ ದೊಡ್ಡ ಕೊರತೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಈ ಭಾಗದಲ್ಲಿ ಸುತ್ತಲಿನ ಬಂಡೆಗುಡ್ಡಗಳೂ ಕಾದಿರುತ್ತವೆ. ಆದ್ದರಿಂದ ನವೆಂಬರಿನಿಂದ ಜನವರಿಯೊಳಗಿನ ದಿನ ಗೊತ್ತುಮಾಡಿ, ಬಿಸಿಲೇರುವ ಮೊದಲೇ ಆಟ ಮುಗಿಸುವಂತೆ ಮುಂಗಡ ಕೊಡುವಾಗಲೇ ಬರೆಸಿಕೊಳ್ಳಬೇಕು. ಸಾಣಾಪುರ ಕೆರೆಯ ಹರಿಗೋಲು ಸವಾರಿ ಈ ಪ್ಯಾಕೇಜಿನಲ್ಲಿ ಸೇರಿಲ್ಲ. ಅದರ ಹಣವನ್ನು ಅಲ್ಲಿಯೇ ಪ್ರತ್ಯೇಕವಾಗಿ ಕೊಡಬೇಕಾಗುತ್ತದೆ.